ಬಾಯಾರಿಕೆಗೆ ಎಂತ ಬೇಕು

ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು ಹೇಗಿದ್ದೀರಿ ಎಂದಲ್ಲ, ಬಾಯಾರಿಕೆಗೆ ಎಂತ ಬೇಕು ಎಂದು. ಉತ್ತರ ಬರುವ ಮೊದಲೇ ತಟ್ಟೆಯಲ್ಲಿ ಬೆಲ್ಲದ ತುಂಡು, ಚೆಂಬಿನಲ್ಲಿ ನೀರು ಅವರೆದುರು ಬಂದಿರಬೇಕು. ಚಾ, ಶರಬತ್ತು ಎಲ್ಲ ಆಮೇಲೆ. ಕಾಪುವಿನ ನಮ್ಮ ಮನೆಯಲ್ಲಿ ಮಾತ್ರ ಆ ಪ್ರಶ್ನೆ ಯಾವಾಗಲೋ ನಿಂತುಹೋಗಿತ್ತು. ಕೇಳಬೇಕಾದ ನನಗೇ ನೀರು ಕುಡಿಯುವ ಹಾಗಿರಲಿಲ್ಲ.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಉಡುಪಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತೇನೆ. ಕುಡಿದ ನೀರು ಹೊರಗೆ ಹೋಗುವುದಿಲ್ಲ. ಮೊದಲು ಕಾಲಿಗೆ, ಆಮೇಲೆ ಮುಖಕ್ಕೆ, ಕೊನೆಗೆ ಶ್ವಾಸಕೋಶಕ್ಕೆ ಏರುತ್ತದೆ. ಹಾಗಾಗಿ ದಿನಕ್ಕೆ ಒಂದು ಸಣ್ಣ ಚೆಂಬು ನೀರು. ಚಾ ಅದರಲ್ಲೇ, ಮಾತ್ರೆ ಅದರಲ್ಲೇ, ಗಂಜಿಯ ತಿಳಿ ಕುಡಿದರೆ ಅದೂ ಅದಕ್ಕೇ ಜಮೆ. ಕಡಲ ಬದಿಯ ಸೆಕೆಯಲ್ಲಿ ಒಂದು ಚೆಂಬಿನಲ್ಲಿ ದಿನ ದೂಡುವುದು ಹೇಗೆಂದು ವರ್ಣಿಸಲು ನಾನು ಹೋಗುವುದಿಲ್ಲ. ವರ್ಣಿಸಿದರೆ ನನ್ನ ಬಾಯಿಯೇ ಒಣಗುತ್ತದೆ.

ಗಂಡ ಮಸ್ಕತ್ತಿನಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಇರುವುದು ನಾನು ಮತ್ತು ಆರನೆಯ ಕ್ಲಾಸಿನ ಮಗಳು. ಈ ಮಗಳನ್ನು ಹೊಗಳದವರು ನಮ್ಮ ಬಂಧು ಬಳಗದಲ್ಲಿ ಯಾರೂ ಇಲ್ಲ. ಹರಿವೆ ಸೊಪ್ಪನ್ನು ಬೇಯಿಸಿ, ನನಗೆ ಆಗದ ಉಪ್ಪಿನಂಶ ಹೋಗುವ ಹಾಗೆ ನೀರು ಬಸಿದು ಚೆಲ್ಲಬೇಕು ಎಂದು ನನಗಿಂತ ಮೊದಲು ನೆನಪಾಗುವುದು ಅವಳಿಗೆ. ಬೆಳಿಗ್ಗೆ ನನ್ನ ಚೆಂಬನ್ನು ತುಂಬಿಸಿ ಮುಚ್ಚಿಡುವುದು ಅವಳು. ನೆಂಟರು ಬಂದರೆ ಅವರನ್ನು ಮೆಲ್ಲನೆ ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ, ನನ್ನ ಕಣ್ಣಿಗೆ ಬೀಳದ ಹಾಗೆ ಅಲ್ಲೇ ನೀರು ಕೊಟ್ಟು ತರುತ್ತಿದ್ದಳು. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ವಿಷಯ ತಿಳಿದ ಮೇಲೆ, “ಎಷ್ಟು ಬುದ್ಧಿ ಮಾರಾಯ್ತಿ ನಿನ್ನ ಮಗಳಿಗೆ, ದೊಡ್ಡವರಿಗೂ ಇಷ್ಟು ಇಲ್ಲ,” ಎನ್ನುತ್ತಿದ್ದರು. ನನಗೂ ಹೆಮ್ಮೆಯೇ ಆಗುತ್ತಿತ್ತು. ಸೂಜಿ ಚುಚ್ಚಿಸಿಕೊಂಡು ಬಂದು ಚಾಪೆಯ ಮೇಲೆ ಬಿದ್ದುಕೊಂಡವಳಿಗೆ ಹೆಮ್ಮೆಪಡಲು ಬೇರೆ ಎಂತ ಉಂಟು?

ಹೋದ ಮಾರ್ಚಿನಲ್ಲಿ ಶಾಲೆಯಿಂದ ಫೋನ್ ಬಂತು. ಮಗಳು ಪ್ರಾರ್ಥನೆಗೆ ನಿಂತಲ್ಲೇ ತಲೆ ತಿರುಗಿ ಬಿದ್ದಿದ್ದಳು. ಅಂದು ಡಯಾಲಿಸಿಸ್ ಇಲ್ಲದ ದಿನ. ರಿಕ್ಷಾ ಮಾಡಿಕೊಂಡು ಹೋದೆ. ಅವಳು ಟೀಚರ್ಸ್ ರೂಮಿನ ಬೆಂಚಿನಲ್ಲಿ ಬಿಳಿಚಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಅವಳ ಕಣ್ಣು ನನ್ನ ಪಾದಕ್ಕೆ ಹೋಯಿತು, ಊದಿದೆಯಾ ಎಂದು ನೋಡಲಿಕ್ಕೆ.

ಅವಳ ಕ್ಲಾಸ್ ಟೀಚರ್ ನನ್ನನ್ನು ಸಮಾಧಾನ ಮಾಡುತ್ತ, “ಬಿಸಿಲಿಗೆ ಹೀಗೆ ಆಗ್ತದೆ, ಹೆದರಬೇಡಿ. ಒಳ್ಳೆಯ ಹುಡುಗಿ. ದಿನಾ ಮನೆಗೆ ಹೋಗುವಾಗ ಬಾಟಲಿಯ ನೀರನ್ನು ಪೂರ್ತಿ ದಾಸವಾಳದ ಗಿಡಕ್ಕೆ ಹಾಕಿ ಹೋಗ್ತಾಳೆ. ಬೇರೆ ಮಕ್ಕಳಿಗೆ ನಾನು ಅವಳನ್ನೇ ತೋರಿಸುವುದು,” ಎಂದರು.

ಇಲ್ಲಿಯೂ ಹೊಗಳಿಕೆಯೇ. ಆದರೆ ಪೂರ್ತಿ ಬಾಟಲಿ ಗಿಡಕ್ಕೆ ಹೋದರೆ ಇವಳು ಕುಡಿಯುವುದು ಯಾವುದನ್ನು? ಸಂಜೆ ಖಾಲಿ ಬಾಟಲಿ ಮನೆಗೆ ಬರುತ್ತಿತ್ತು; ನಾನು ತೊಳೆದು ಮಗುಚಿ ಇಡುತ್ತಿದ್ದೆ. ಮನೆಯಲ್ಲಿ ಅವಳು ನೀರು ಕುಡಿದದ್ದನ್ನು ನೋಡಿದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ.

ಮರುದಿನ ನನ್ನ ಡಯಾಲಿಸಿಸ್ ಇತ್ತು. ಅದರ ಮರುದಿನ ಬೆಳಿಗ್ಗೆಯೇ ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಆಗಿದೆ, ನೀರು ತೀರಾ ಕಡಿಮೆಯಾಗಿದೆ ಎಂದರು. ಉರಿ ಇರಬೇಕಲ್ಲ, ಹೇಳಲಿಲ್ಲವೇ ಎಂದು ಅವಳನ್ನು ಕೇಳಿದರು. “ಅಮ್ಮನಿಗೆ ಮೊದಲೇ ಸುಸ್ತು,” ಎಂದಳು. ಅವರು ಮಾತ್ರೆ ಬರೆದುಕೊಟ್ಟು, ಮಕ್ಕಳ ಮನಸ್ಸಿಗೆ ಸಂಬಂಧಿಸಿದ್ದನ್ನು ನೋಡುವ ಇನ್ನೊಬ್ಬ ಡಾಕ್ಟರಲ್ಲಿಗೆ ಕಳಿಸಿದರು. ಚಿಕ್ಕ ಪ್ರಾಯದ ಹೆಣ್ಣುಮಗಳು. ಮಗಳೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತ ಕೂತಿದ್ದೆ. ಆಸ್ಪತ್ರೆಗಳಲ್ಲಿ ಕೂತು ಕೂತು ನನಗೆ ಅಲ್ಲಿನ ಕುರ್ಚಿ ಕಂಡರೆ ಸಾಕು, ನಿದ್ದೆ ಬರುತ್ತದೆ.

ಆಮೇಲೆ ಆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಕೇಳಿದರು: “ಯಾವುದೋ ಬೊಂಡದ ವಿಷಯ ಹೇಳ್ತಾಳೆ. ಎಂತ ಅದು?”

ಹೇಳಬೇಕಾಯಿತು. ಡಯಾಲಿಸಿಸ್ ಶುರುವಾದ ಹೊಸತರಲ್ಲಿ ಕಾರ್ಕಳದಿಂದ ನನ್ನ ಅಕ್ಕ ನೋಡಲು ಬಂದಿದ್ದಳು, ಎಳನೀರಿನ ಬೊಂಡದ ಗೊನೆಯನ್ನೇ ಹಿಡಿದುಕೊಂಡು. ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಬರುವ ಕ್ರಮ ನಮ್ಮಲ್ಲಿಲ್ಲ. ಅದರಲ್ಲೂ ಕಿಡ್ನಿಗೆ ಬೊಂಡದ ಎಳನೀರೇ ಮದ್ದು ಎಂದು ಊರಿಡೀ ನಂಬುತ್ತದೆ. ಅದರ ಪೊಟ್ಯಾಸಿಯಂ ನನ್ನಂಥವರ ಹೃದಯವನ್ನೇ ನಿಲ್ಲಿಸಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅಕ್ಕ ಕೇಳುವ ಜನವಲ್ಲ. “ಅದೆಲ್ಲ ಇಂಗ್ಲಿಷ್ ಮದ್ದಿನವರು ಹೇಳುವುದು. ಹೋಗು ಮಗಾ, ಅಮ್ಮನಿಗೆ ಕೊಡು,” ಎಂದು ಮಗಳ ಕೈಗೆ ಲೋಟ ಕೊಟ್ಟಳು. ಮಗಳು ತಂದುಕೊಟ್ಟಳು. ನಾನು ಕುಡಿದೆ. ಬೇಡವೆನ್ನುವ ಶಕ್ತಿ ಯಾರಿಗಿತ್ತು? ಇನ್ನೂ ಒಂದು ಲೋಟ ಕೇಳಿ ಕುಡಿದೆ. ಆವತ್ತೇ ಸಂಜೆ ಎದೆ ಹಿಡಿದುಕೊಂಡು, ಉಸಿರು ಸಿಗದೆ, ಆಂಬ್ಯುಲೆನ್ಸಿನಲ್ಲಿ ಹೋದವಳು ನಾಲ್ಕೈದು ದಿನ ಐಸಿಯುವಿನಲ್ಲಿದ್ದೆ. ವಾಪಸು ಬಂದ ಮೇಲೆ ಅಕ್ಕನಿಗೂ ನನಗೂ ಜಗಳವಾಯಿತು, ಅಕ್ಕ ಅತ್ತಳು, ರಾಜಿಯೂ ಆಯಿತು. ಲೋಟ ಹಿಡಿದುಕೊಂಡು ಬಂದ ಮಗುವಿನ ಹತ್ತಿರ ಯಾರೂ ಏನೂ ಮಾತಾಡಿರಲಿಲ್ಲ.

“ಅಮ್ಮ ಸಾಯುವ ಹಾಗೆ ಆದದ್ದು ತಾನು ಕೊಟ್ಟದ್ದರಿಂದ ಅಂತ ಅವಳ ತಲೆಯಲ್ಲಿ ಉಂಟು,” ಎಂದರು ಡಾಕ್ಟರು. “ನಿಮ್ಮ ಕಾಯಿಲೆಯ ಬಗ್ಗೆ ಅವಳಿಗೆ ನನ್ನಷ್ಟೇ ಗೊತ್ತುಂಟು. ಆದರೆ ನಿನಗೆ ಹೇಗೆ ಉಂಟು ಅಂತ ಕೇಳಿದರೆ ಅವಳಿಗೆ ಉತ್ತರವೇ ಬರುವುದಿಲ್ಲ.” ಎರಡು ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ ಎಂದರು. ನನ್ನ ಕೈಯಲ್ಲಿ ಈಗಾಗಲೇ ಇರುವ ಆಸ್ಪತ್ರೆಗಳ ಜೊತೆಗೆ ಇನ್ನೊಂದು. ಆಗಲಿ ಎಂದೆ.

ಕಾಪುವಿಗೆ ಬಸ್ಸಿನಲ್ಲಿ ಬರುವಾಗ ನನಗೆ ಸಿಟ್ಟು ಕುದಿಯುತ್ತಿತ್ತು. ಅಕ್ಕನ ಮೇಲೆ, ಆ ಹೊಗಳುಭಟರ ಮೇಲೆ, ಫೋನಿನಲ್ಲಿ “ಮಗಳಿದ್ದಾಳಲ್ಲ, ನನಗೆ ಧೈರ್ಯ” ಎನ್ನುವ ಗಂಡನ ಮೇಲೆ. ಪಕ್ಕದಲ್ಲಿ ಇದ್ದದ್ದು ಮಾತ್ರ ಮಗಳು. ಅಂಬಲಪಾಡಿ ದಾಟುವಾಗ ಅವಳ ಮೇಲೇ ಹರಿಹಾಯ್ದೆ. “ನೀನೂ ಮಲಗಿದರೆ ನನ್ನನ್ನು ನೋಡುವವರು ಯಾರು?”

“ಸಾರಿ ಅಮ್ಮ. ಇನ್ನು ಕುಡೀತೇನೆ,” ಎಂದಳು ತಕ್ಷಣ.

ಆ ವಿಧೇಯತೆಗೆ ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಇಷ್ಟು ದಿನ ನನಗೋಸ್ಕರ ಕುಡಿಯದಿದ್ದವಳು ಇನ್ನು ಮುಂದೆ ನನಗೋಸ್ಕರ ಕುಡಿಯುತ್ತಾಳೆ, ಅಷ್ಟೇ. ನನಗೆ ಬೇಕಾದದ್ದು ಅದಲ್ಲ. ಅವಳಿಗೆ ಬಾಯಾರಬೇಕಿತ್ತು.

ಮನೆ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಅವಳು ಚಪ್ಪಲಿ ಬಿಟ್ಟವಳೇ ಎಂದಿನಂತೆ ಒಳಗೆ ಓಡಿದಳು, ನನ್ನ ಚೆಂಬಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಲಿಕ್ಕೆ. ನಾನು ಕೂಗಿ ಕರೆದು, ಚಾವಡಿಯಲ್ಲಿ ನೆಂಟರು ಕೂರುವ ಕುರ್ಚಿಯನ್ನು ತೋರಿಸಿದೆ. “ಅಲ್ಲಿ ಕೂತ್ಕೋ.”

“ಯಾಕೆ?”

“ಕೂತ್ಕೋ ಅಂದೆನಲ್ಲ.”

ಕೂತಳು, ತುದಿಯಲ್ಲಿ. ನಾನು ಅಡುಗೆಮನೆಗೆ ಹೋಗಿ, ದೊಡ್ಡ ಚೆಂಬನ್ನು ಹುಡುಕಿ ಹುಣಸೆಹುಳಿ ಹಾಕಿ ಉಜ್ಜಿದೆ. ಬಳಸದೆ ಕಪ್ಪಾಗಿತ್ತು. ಮಣ್ಣಿನ ಹೂಜಿಯ ನೀರು ತುಂಬಿಸಿ, ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಬಂದೆ. ಅಷ್ಟಕ್ಕೇ ನನಗೆ ಏದುಸಿರು. ಅವಳೆದುರು ಇಟ್ಟು ಕೇಳಿದೆ: “ಬಾಯಾರಿಕೆಗೆ ಎಂತ ಬೇಕು?”

ಅವಳು ನಗಲಿಲ್ಲ. ಚೆಂಬು ನೋಡಿದಳು, ನನ್ನನ್ನು ನೋಡಿದಳು. “ನಾನು ಕುಡಿಯುವುದು ನೋಡಿದರೆ ನಿನಗೆ ಆಸೆ ಆಗ್ತದಾ?”

ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ನನ್ನ ಕಣ್ಣಿನ ರೆಪ್ಪೆ ಊದಿದ್ದೂ ಅವಳಿಗೆ ಗೊತ್ತಾಗುತ್ತದೆ. “ಆಗ್ತದೆ,” ಎಂದೆ. “ತುಂಬ ಆಗ್ತದೆ. ಆದರೆ ಆಸೆಯಿಂದ ನಾನು ಸಾಯುವುದಿಲ್ಲ. ಆವತ್ತಿನ ಬೊಂಡ ನಾನು ಗೊತ್ತಿದ್ದೇ ಕುಡಿದದ್ದು. ಎರಡನೆಯ ಲೋಟವನ್ನಂತೂ ನಾನೇ ಕೇಳಿದ್ದು. ನೀನು ತಂದು ಕೊಟ್ಟೆ, ಅಷ್ಟೇ.”

ಅವಳು ಅತ್ತಳು. ನಾನು ತಡೆಯಲಿಲ್ಲ, ನನ್ನ ಕೈ ಅವಳ ಬೆನ್ನ ಮೇಲಿತ್ತು. ಅಳು ನಿಂತ ಮೇಲೆ ಚೆಂಬು ಎತ್ತಿ, ಗೋಡೆಯ ಕಡೆಗೆ ತಿರುಗಿ ಕುಡಿಯಲು ಹೊರಟಳು. ನಾನು ಗದ್ದ ಹಿಡಿದು ನನ್ನ ಕಡೆಗೆ ತಿರುಗಿಸಿದೆ. ಬೆಲ್ಲ ಕಚ್ಚಿದಳು, ಚೆಂಬನ್ನು ಎತ್ತಿ ಗಟಗಟ ಕುಡಿದಳು. ನೀರು ಗದ್ದದಿಂದ ಇಳಿದು ಅಂಗಿ ಒದ್ದೆಯಾಯಿತು. ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು. ನೋಡುತ್ತಲೇ ಇದ್ದೆ.

ಚೆಂಬು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನನ್ನ ಪಾದದ ಕಡೆಗೆ ನೋಡದೆ ಕೇಳಿದಳು: “ಇನ್ನೂ ಉಂಟಾ?”

ಎದ್ದೆ. ನಾನೇ ತರ್ತೇನೆ ಎಂದು ಅವಳೂ ಎದ್ದಳು.

“ಕೂತ್ಕೋ,” ಎಂದೆ. “ನೆಂಟರು ಒಳಗೆ ಹೋಗಿ ನೀರು ತರುವ ಕ್ರಮ ಇಲ್ಲ ನಮ್ಮಲ್ಲಿ.”