ಮಹದೇವು ಅವರ ಆರು ಕೊಂಡಿಗಳು

ಮಹದೇವು ಅವರನ್ನು ನಾನು ಒಂದು ವರ್ಷ ಕೇಬಲ್ ಟಿ.ವಿ.ಯವರೆಂದೇ ನಂಬಿದ್ದೆ. ವಿದ್ಯಾರಣ್ಯಪುರಂನ ನಮ್ಮ ರಸ್ತೆಯ ಕೊನೆಯ ಮನೆ ಅವರದು. ಬೆಳಿಗ್ಗೆ ಎಂಟಕ್ಕೆಲ್ಲ ಸ್ಕೂಟರಿನ ಮುಂದೆ ತಂತಿಯ ಸುರುಳಿ ಇಟ್ಟುಕೊಂಡು, ಜೇಬಿನಲ್ಲಿ ಇಕ್ಕಳ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಒಂದು ದಿನ ಅವರನ್ನು ಅಡ್ಡಗಟ್ಟಿ, ಪತ್ರಿಕೆಗೆ ಬರೆಯುವ ನನ್ನಂಥವನ ಮನೆಯಲ್ಲಿ ಮೂರು ದಿನ ಟಿ.ವಿ. ಬರದಿದ್ದರೆ ನಾಡಿಗೆ ಆಗುವ ನಷ್ಟವೇನು ಎಂಬುದನ್ನು ಸವಿಸ್ತಾರವಾಗಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ತಾರಸಿ ಹತ್ತಿ, ಕಿತ್ತುಬಂದಿದ್ದ ತಂತಿ ಬಿಗಿದು, ಇಳಿದು ಬಂದು ಕೈ ಒರೆಸಿಕೊಂಡರು.

“ನಾನು ಕೇಬಲ್‌ನೋನಲ್ಲ ಸಾರ್. ದೋಣಿಯೋನು.”

ಮೈಸೂರಿನಲ್ಲಿ ದೋಣಿ ಎಂದರೆ ಕೆರೆಯಲ್ಲಿ ಪೆಡಲ್ ತುಳಿಯುವ ಬಾತುಕೋಳಿ ಎಂದು ತಿಳಿದಿದ್ದವನು ನಾನು. ಇಲವಾಲ ದಾಟಿ ಹಿನ್ನೀರಿನ ಕಡೆ ಹೋದರೆ ಅಲ್ಲೊಂದು ಹಾಯಿದೋಣಿಗಳ ಕ್ಲಬ್ಬು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರಾಗಿದ್ದ ಮಹದೇವು, ನಿವೃತ್ತರಾದ ಮೇಲೆ ಅಲ್ಲಿ ದೋಣಿಗಳ ರಿಪೇರಿಗೆ ಸೇರಿದ್ದರು. ತಾತನಿಗೆ ಊಟದ ಡಬ್ಬಿ ಒಯ್ದ ಮೊಮ್ಮಗಳು ವರ್ಷಿಣಿ ಒಂದು ರಜೆಯಲ್ಲಿ ದೋಣಿ ಹತ್ತಿದವಳು ಆಮೇಲೆ ಇಳಿಯಲೇ ಇಲ್ಲ. ಈ ಫೆಬ್ರವರಿಯಲ್ಲಿ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಇತ್ತು, ಒಂದು ಭಾನುವಾರ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಅಂದರೆ ಇದೇ ಮೊದಲು, ಇದೇ ಕೊನೆ.

ಅವಳು ನಡೆಸುತ್ತಿದ್ದ ದೋಣಿ ಗೋಕುಲಂನ ಪ್ರಸಾದ್ ಅವರದು. ಪ್ರಸಾದ್ ನೀರಿಗಿಳಿದದ್ದನ್ನು ಕಂಡವರು ಕಡಿಮೆ. ಬಿಳಿಯ ಕ್ಯಾಪ್ಟನ್ ಟೋಪಿ ಇಲ್ಲದ ಅವರನ್ನು ಕಂಡವರು ಇನ್ನೂ ಕಡಿಮೆ.

ಆಯ್ಕೆಗೆ ನಾಲ್ಕು ದಿನವಿದ್ದಾಗ, ಹಾಯಿಯ ಕಂಬವನ್ನು ನೆಟ್ಟಗೆ ಹಿಡಿದಿಡುವ ಮೂರು ಉಕ್ಕಿನ ತಂತಿಗಳಲ್ಲಿ ಎಳೆ ಬಿಟ್ಟಿರುವುದು ಮಹದೇವು ಅವರ ಕಣ್ಣಿಗೆ ಬಿತ್ತು. ಮೂರನ್ನೂ ಬಿಚ್ಚಿ ಹೊಸ ತಂತಿ ಕತ್ತರಿಸಿಟ್ಟರು. ಆದರೆ ತಂತಿಯ ತುದಿಗಳನ್ನು ಕಚ್ಚಿ ಹಿಡಿಯುವ ಆರು ಕೊಂಡಿಗಳು? ಚೆನ್ನೈಯಿಂದ ಹೊರಟ ಹೊಸವು ಕೊರಿಯರಿನವರ ಗೋದಾಮಿನಲ್ಲೆಲ್ಲೋ ನಿದ್ದೆ ಹೋಗಿದ್ದವು. ಹಳೆಯವು ಕೈಯಲ್ಲೇ ಇದ್ದವು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅವನ್ನೇ ಹಾಕಿದರೆ ವರ್ಷಿಣಿ ಸ್ಪರ್ಧೆಗಿಳಿಯಬಹುದು. ಗಾಳಿ ಎದ್ದಾಗ ಒಂದು ಕೊಂಡಿ ಬಿಟ್ಟುಕೊಂಡರೂ ಕಂಬ ಅವಳ ತಲೆಯ ಮೇಲೆ.

ಶುಕ್ರವಾರ ನಮ್ಮ ಮನೆಗೆ ಬಂದರು. ಅಂಗಿಯ ಜೇಬಿನಲ್ಲಿ ಕೊಂಡಿಗಳು ಝಣಝಣ ಅನ್ನುತ್ತಿದ್ದವು. ಜಗುಲಿಯಲ್ಲಿ ಕೂತರು, ಎದ್ದರು, ಕಿಟಕಿಯ ಚಿಲಕ ತಿರುಗಿಸಿ ನೋಡಿದರು.

“ಕೂತ್ಕೊಳ್ಳಿ ಮಹದೇವು” ಎಂದೆ.

“ಕೂತೇ ಇದೀನಲ್ಲ ಸಾರ್” ಎಂದರು, ನಿಂತುಕೊಂಡೇ.

ಕಾಫಿ ಅರ್ಧಕ್ಕೆ ಬಿಟ್ಟು ಪ್ರಸಾದ್‌ಗೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

“ಇಂಪೋರ್ಟೆಡ್ ಕಣ್ರೀ ಅದು! ಧೈರ್ಯವಾಗಿ ಹಾಕಿ.”

“ಎಷ್ಟು ವರ್ಷದ್ದು ಸಾರ್?”

“ನಾನು ದೋಣಿ ಕೊಂಡಾಗಲೇ ಇತ್ತು.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೇನೂ ಇತ್ತು!”

ಶನಿವಾರ ಅವರ ಹಿತ್ತಿಲಲ್ಲಿ ಪರೀಕ್ಷೆ. ರೈಲಿನ ಗಾಲಿಯ ಅಚ್ಚುಗಳಿಗೆ ಹಿಂದೆ ಮಾಡುತ್ತಿದ್ದ ಕ್ರಮವಂತೆ. ಕೊಂಡಿಗಳನ್ನು ಇಡೀ ರಾತ್ರಿ ಡೀಸೆಲಿನಲ್ಲಿ ನೆನೆಸಿ, ಒಣ ಬಟ್ಟೆಯಿಂದ ಒರೆಸಿ, ಮೇಲೆ ಬಿಳಿಯ ಪುಡಿ ಬಳಿಯುವುದು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಹೊರಗೆ ಒಸರಿ ಬಿಳುಪಿನ ಮೇಲೆ ಗೆರೆ ಮೂಡಿಸುತ್ತದೆ. ಬಿಳಿಯ ಪುಡಿಗೆ ಅವರು ಕೈಹಾಕಿದ್ದು ದೇವರ ಗೂಡಿಗೆ.

“ಏನ್ರೀ ಇದು, ದೇವ್ರ ಮುಂದಿನ ಇಬೂತಿ ತಂದು ಕಬ್ಬಿಣಕ್ಕೆ ಬಳೀತಿದೀರಲ್ಲ!” ಎಂದರು ಅವರ ಹೆಂಡತಿ ದೇವಿರಮ್ಮ.

“ಅದಕ್ಕೂ ಒಸಿ ಒಳ್ಳೇದಾಗ್ಲಿ ಬುಡು.”

ಆರು ಕೊಂಡಿಗಳು ಹಣೆತುಂಬ ವಿಭೂತಿ ಧರಿಸಿ ಮಣೆಯ ಮೇಲೆ ಕುಳಿತವು. ಒಂದು ಗಂಟೆ ಕಾಯಬೇಕಿತ್ತು. ಮಹದೇವು ಆ ಗಂಟೆಯಲ್ಲಿ ರಸ್ತೆಯ ಕೊನೆಯವರೆಗೆ ಏಳೆಂಟು ಸಲ ಹೋಗಿಬಂದರು. ನಾನು ಭೂತಗನ್ನಡಿ ಹಿಡಿದು, ಕೊಂಡಿ ಎಂಬ ವಸ್ತುವನ್ನು ಹಿಂದಿನ ದಿನವಷ್ಟೇ ಕಂಡಿದ್ದರೂ, “ಲೋಹ ಆರೋಗ್ಯವಾಗಿದೆ” ಎಂದು ತಜ್ಞಾಭಿಪ್ರಾಯ ಕೊಟ್ಟೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಗಂಟೆ ಕಳೆಯಿತು. ಒಂದರಲ್ಲೂ ಗೆರೆಯಿಲ್ಲ.

“ನೋಡು ತಾತ, ಏನೂ ಇಲ್ಲ! ಹಾಕ್ಬುಡು!” ವರ್ಷಿಣಿ ಆಗಲೇ ಸ್ಕೂಟರಿನ ಬೀಗದಕೈ ಹಿಡಿದಿದ್ದಳು.

ಮಹದೇವು ಒಂದೊಂದನ್ನೇ ಬೆಳಕಿಗೆ ತಿರುಗಿಸಿದರು. ಮತ್ತೆ ತಿರುಗಿಸಿದರು. ವಿಭೂತಿ ಒರೆಸಿ ಜೇಬಿಗೆ ಹಾಕಿಕೊಂಡರು.

“ಬ್ಯಾಡ ಕಣಮ್ಮ.”

“ಯಾಕೆ? ಗೆರೆ ಎಲ್ಲಿದೆ, ತೋರ್ಸು!”

“ಇಲ್ಲ.”

“ಮತ್ತೆ?”

“ಬ್ಯಾಡ.”

ಭಾನುವಾರ ದೋಣಿ ಕಂಬವಿಲ್ಲದೆ ಹೊಂಗೆಮರದ ಕೆಳಗೆ ಮಲಗಿತ್ತು. ಬೇರೆ ಹುಡುಗಿಯರು ಸ್ಪರ್ಧಿಸಿದರು, ಇಬ್ಬರು ಆಯ್ಕೆಯಾದರು. ವರ್ಷಿಣಿ ಕೈಕಟ್ಟಿ ದಡದಲ್ಲಿ ನಿಂತಿದ್ದಳು. ಗಾಳಿಯೂ ದ್ರೋಹ ಬಗೆದು ಮೆಲ್ಲಗೆ ಬೀಸಿತು. ಪ್ರಸಾದ್ ಟೋಪಿ ಸರಿಪಡಿಸಿಕೊಂಡು, “ಈ ಗಾಳಿಗೆ ಕೊಂಡಿ ಯಾಕ್ರೀ, ಹೂವಿನ ದಾರ ಸಾಕಿತ್ತು” ಎಂದು ಕಂಡಕಂಡವರಿಗೆಲ್ಲ ಹೇಳಿದರು.

ಹೊಸ ಕೊಂಡಿಗಳು ಮಂಗಳವಾರ ಬಂದವು. ಅಷ್ಟರಲ್ಲಿ ಮೊಮ್ಮಗಳು ತಾತನೊಡನೆ ಮಾತು ಬಿಟ್ಟಿದ್ದಳು. ತಟ್ಟೆಯನ್ನು ಮಾತ್ರ ನಾಲ್ಕು ಮನೆಗೆ ಕೇಳಿಸುವ ಹಾಗೆ ಅವರ ಮುಂದೆ ಇಡುತ್ತಿದ್ದಳಂತೆ.

ಬುಧವಾರ ಹೋದಾಗ ಮಹದೇವು ಹಿತ್ತಿಲಲ್ಲಿ ಕೂತು ಹಳೆಯ ಕೊಂಡಿಗಳನ್ನು ಗರಗಸದಿಂದ ಎರಡೆರಡು ತುಂಡು ಮಾಡುತ್ತಿದ್ದರು. ವರ್ಕ್‌ಶಾಪಿನ ಪದ್ಧತಿ: ಬೇಡವೆಂದದ್ದನ್ನು ಕತ್ತರಿಸಿಯೇ ಎಸೆಯಬೇಕು, ಇಲ್ಲದಿದ್ದರೆ ಇನ್ನೊಬ್ಬ ಎತ್ತಿಕೊಂಡು ಹಾಕುತ್ತಾನೆ. ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದೆ. ಒಳಗೂ ಬೆಳ್ಳಿಯಂತೆ ಹೊಳೆಯುತ್ತಿತ್ತು. ಎಲ್ಲೂ ಏನೂ ಇರಲಿಲ್ಲ.

ನನ್ನ ಬಾಯಿ ಸುಮ್ಮನಿರಲಿಲ್ಲ. “ಅಲ್ಲ ಮಹದೇವು, ಬೇಡ ಅನ್ನೋದೇ ಆಗಿದ್ರೆ ಅಷ್ಟೆಲ್ಲ ಪರೀಕ್ಷೆ ಯಾಕೆ ಮಾಡಿದ್ರಿ?”

ಅವರು ಗರಗಸ ನಿಲ್ಲಿಸಲಿಲ್ಲ.

“ಬ್ಯಾಡ ಅನ್ನೋಕೆ ಒಂದು ಕಾರಣ ಸಿಗಲಿ ಅಂತ ಸಾರ್. ಸಿಗ್ಲಿಲ್ಲ. ಕಾರಣ ಇಲ್ದೇನೇ ಬ್ಯಾಡ ಅಂದೆ.”