ಡಿಸ್ಕನ್ನು ಹಿಡಿದಿಟ್ಟ ಹೆಸರು

ನಮ್ಮ ಸರ್ವಮಂಗಳಾ ಹುಟ್ಟಾ ಹೆದರುಪುಕ್ಕಲಿ. ಬಸ್ಸು ಹತ್ತಿದ ಮೇಲೂ ಪಕ್ಕದವರನ್ನು ಎರಡೆರಡು ಸಲ ಕೇಳಿ ಊರು ಖಾತ್ರಿ ಮಾಡಿಕೊಳ್ಳುವವಳು. ಅಂಥವಳ ಕೈಗೆ ಎಂಬತ್ತೊಂಬತ್ತರಲ್ಲಿ ಮಧುಗಿರಿಯ ನಮ್ಮ ಖಾಸಗಿ ಕಚೇರಿಯವರು ಕಂಪ್ಯೂಟರ್ ಒಪ್ಪಿಸಿದರು. ಯಂತ್ರ ಒಂದೇ, ಅದಕ್ಕೆ ಜೋಡಿಸಿದ ನಾಲ್ಕಾರು ಪರದೆಗಳ ಮುಂದೆ ನಾವೆಲ್ಲ ಕೂತು ಹೆಸರು ತುಂಬಿಸುತ್ತಿದ್ದೆವು. ಕುರಿ ಸಾಕುವವರ ಸಂಘದ ಸದಸ್ಯರ ಹೆಸರು ತುಂಬಿಸಿ, ಡಿಸ್ಕನ್ನು ಅಚ್ಚಿಗಾಗಿ ತುಮಕೂರಿಗೆ ಕಳಿಸುವುದು ಕೆಲಸ. ಯಂತ್ರಕ್ಕೆ ಹೇಳಿ ಬಿಡಿಸಿಕೊಳ್ಳದೆ ಡಿಸ್ಕ್ ಎಳೆದರೆ ತುಂಬಿಸಿದ್ದೆಲ್ಲ ನೀರಿನಲ್ಲಿ ಹೋಮ. ಅವಳಿಗಿಂತ ಮುಂಚೆ ಇದ್ದವನು ಹಾಗೆ ಎಳೆದೇ ಕೆಲಸ ಕಳೆದುಕೊಂಡಿದ್ದ.

ಅವತ್ತು ಹೆಸರು ಸೇರಿಸಲು ಕೊನೆಯ ದಿನ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುವುದು ಖಚಿತ; ಆಗ ಡಿಸ್ಕ್ ಒಳಗೇ ಇದ್ದರೂ ಅದೇ ಗತಿ. ಅದಕ್ಕೆ ಮುಂಚೆ ಬಿಡಿಸಲು ಹೋದರೆ, ಡಿಸ್ಕ್ ಯಾರದೋ ಬಳಕೆಯಲ್ಲಿದೆ ಎಂದು ಯಂತ್ರ ಹಟ ಹಿಡಿಯಿತು. ನಮ್ಮನ್ನೆಲ್ಲ ಪರದೆಗಳ ಮುಂದಿನಿಂದ ಎಬ್ಬಿಸಿದಳು. ಆಗಲೂ ಅದೇ ಮಾತು. ಹಿಡಿದವರು ಯಾರೆಂದು ಯಂತ್ರವನ್ನೇ ಕೇಳಿದಾಗ ಮೂಲೆಯ ಪರದೆಯನ್ನು ತೋರಿಸಿತು.

ಅಲ್ಲಿ ಕೂರುವ ಕ್ಯಾತಣ್ಣ ನಾಪತ್ತೆ. ಪಕ್ಕದ ಬೆಂಚಿನ ಮೇಲೆ ಬಡವನಹಳ್ಳಿ ಕಡೆಯ ಮುದುಕಿ ಭೀಮಕ್ಕ ಕೂತಿದ್ದಳು. ಪರದೆಯಲ್ಲಿ ಅವಳ ಹೆಸರಿತ್ತು, ಊರಿತ್ತು, ಗಂಡನ ಹೆಸರಿನ ಜಾಗ ಖಾಲಿಯಿತ್ತು. ಅದು ತುಂಬದೆ ಯಂತ್ರ ಬಿಡದು. ರದ್ದು ಮಾಡಿದರೆ ಮುದುಕಿ ಸಂಘದಿಂದ ಹೊರಗೆ.

“ಯಜಮಾನರ ಹೆಸರೇನಜ್ಜಿ?” ಸರ್ವಮಂಗಳಾ ಕೇಳಿದಳು.

“ಹೆಂಗವ್ವ ಯೋಳಾದು! ಕುರಿ ಹೊಡ್ಕಂಡು ಹೋದೋರು ಇನ್ನೂ ಬಂದಿಲ್ಲ. ಹೆಸ್ರೆತ್ತಿ ಅವ್ರ ಆಯಸ್ಸು ಕಮ್ಮಿ ಮಾಡ್ಲಾ? ಬಸ್‌ಸ್ಟ್ಯಾಂಡ್ನಾಗೆ ನಮ್ಮೂರೋರ್ನ ಕೇಳ್ಕಂಡ್ ಬತ್ತೀನಿ ಅಂತ ಕ್ಯಾತಣ್ಣ ಹೋಗವ್ನೆ.”

ಕ್ಯಾತಣ್ಣ ಹೋದರೆ ಹೋದಲ್ಲೇ. ಸರ್ವಮಂಗಳಾ ರದ್ದು ಮಾಡುವ ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒತ್ತಿ ತೊಲಗಬಾರದೆ ಎಂದು ನನಗೆ ರೇಗಿಹೋಯಿತು. ಅವಳು ಒತ್ತಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು.

“ಯಾಕವ್ವ, ಏನಾತು?”

“ಈ ಡಿಸ್ಕ್ ಹಾಳಾದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ.”

ಭೀಮಕ್ಕ ಅವಳನ್ನೇ ನೋಡಿದಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, “ಓಬಳಪ್ಪ” ಎಂದಳು. ಕೂಡಲೇ ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಸರ್ವಮಂಗಳಾ ಹೆಸರು ತುಂಬಿಸಿದಳು; ಯಂತ್ರ ಡಿಸ್ಕನ್ನು ಬಿಟ್ಟಿತು. ಅದನ್ನು ಡಬ್ಬಿಗೆ ಹಾಕುವಷ್ಟರಲ್ಲಿ ಫ್ಯಾನು ನಿಂತಿತು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಮುದುಕಿ ಮಾತ್ರ ಡಬ್ಬಿಯಿಂದ ಕಣ್ಣು ಕೀಳಲಿಲ್ಲ.

“ಹೆಸ್ರು ಅದ್ರೊಳಗೈತಾ?”

“ಹೂಂ ಅಜ್ಜಿ.”

“ಅವ್ರು ಮನೇಗೆ ಬರೋಗಂಟ ಅದ್ನ ಆಚೆಗೆ ತೆಗೀಬ್ಯಾಡ್ರವ್ವ.”

ಆ ಹೆಸರು ಅಂದು ಸಂಜೆಯೇ ತುಮಕೂರಿನಲ್ಲಿ ಅಚ್ಚಾಗಬೇಕಿತ್ತು. “ತೆಗೆಯಲ್ಲ ಅಜ್ಜಿ” ಎಂದಳು ಸರ್ವಮಂಗಳಾ. ಮುದುಕಿ ಮೆಟ್ಟಿಲಿಳಿದ ಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು, ಬಸ್ಸಿಗೆ ನೀವೇ ಕೊಟ್ಟುಬನ್ನಿ, ನನ್ನಿಂದ ಆಗುವುದಿಲ್ಲ ಎಂದಳು.