ಶುಗರ್ ಮಾತ್ರೆ

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರಮ್ಮ ಕೊರಳಿಂದ ಅಳತೆ ಟೇಪು ತೆಗೆದದ್ದನ್ನು ನಾನು ನೋಡಿಲ್ಲ. ಎಚ್‌ಐವಿಗೆ ನುಂಗುವ ಮಾತ್ರೆಯನ್ನು ಅವರು ಎಲ್ಲರೆದುರೂ ‘ಶುಗರ್ ಮಾತ್ರೆ’ ಎನ್ನುತ್ತಿದ್ದರು. ಆ ಸುಳ್ಳನ್ನು ಉಳಿಸಿಕೊಳ್ಳಲು ಹನ್ನೊಂದು ವರ್ಷ ಸಕ್ಕರೆಯಿಲ್ಲದ ಕಾಫಿ ಕುಡಿದರು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೇ.

ಮರೆವಿನ ಕಾಯಿಲೆ ಶುರುವಾಗಿದೆಯೆಂದು ಡಾಕ್ಟರು ಹೇಳಿದ ದಿನ ಟೈಲರಮ್ಮ ನನ್ನ ಡೈರಿಯಲ್ಲಿ ಬರೆಸಿ ಸಹಿ ಹಾಕಿದರು.

“ನಂಗೆ ಗ್ಯಾನ ಇಲ್ದಂಗಾದ್ರೆ ಸಾಲಿಗ್ರಾಮದಲ್ಲಿರೋ ನನ್ ಮಗಳಿಗೆ ನಿಜ ಹೇಳ್ಬುಡು. ಮಾತ್ರೆ ನಿಲ್ಬಾರ್ದು. ಬರ್ಕಂಡ್ಯೇನವ್ವ?”

ಏನು ಹೇಳಿದರೂ ಕೊನೆಗೆ ‘ಬರ್ಕಂಡ್ಯೇನವ್ವ’ ಎಂದೇ ಕೇಳುತ್ತಿದ್ದರು.

ಅಂದಿನಿಂದ ಪ್ರತಿ ಭಾನುವಾರ ಅವರ ಮಾತ್ರೆ ಎಣಿಸಿದೆ. ಏಳನೆಯ ಭಾನುವಾರ ಹನ್ನೆರಡು ಇರಬೇಕಾದಲ್ಲಿ ಹದಿನೇಳು ಉಳಿದಿದ್ದವು. ಯಾಕೆಂದು ಕೇಳಿದೆ.

“ಕ್ಯಾಂಪಲ್ಲಿ ರಕ್ತ ನೋಡುದ್ರು. ನಂಗೆ ಶುಗರ್ರೇ ಇಲ್ವಂತೆ ಕಣವ್ವ! ಮಾತ್ರೆ ಬುಟ್ಬುಟ್ಟೆ,” ಎಂದು ನಕ್ಕು, ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡರು.

ಡೈರಿ ತೆರೆದು ಅವರು ಬರೆಸಿದ್ದನ್ನು ಅವರಿಗೇ ಓದಿ ಹೇಳಿದೆ. ಅವರು ತಮ್ಮದೇ ಸಹಿಯನ್ನು, ಹೊಲಿಗೆ ಪರೀಕ್ಷಿಸುವಂತೆ, ಬೆರಳಿಂದ ತಡವಿದರು.

“ಯಾರವ್ವ ಇವ್ಳು, ಪಾಪ? ಮಗಳಿಗೆ ಬ್ಯಾಗ ಹೇಳ್ಬುಡು.”

ಸಾಲಿಗ್ರಾಮಕ್ಕೆ ಫೋನ್ ಮಾಡಿದೆ. ಅತ್ತ ರಿಂಗಾಗುತ್ತಿರುವಾಗ ಅವರು ನನ್ನ ಲೋಟಕ್ಕೂ ಸಕ್ಕರೆ ಹಾಕುತ್ತಿದ್ದರು.